ಸತ್ಯಾಂಶ: ಕಾಂಟ್ರ್ಯಾಕ್ಟ್ ಕೆಲಸದವರಿಗೂ ಇಎಸ್‌ಐ ಇದೆ

"ಕಾಂಟ್ರ್ಯಾಕ್ಟ್ ಕೆಲಸದವರಿಗೆ ಇಎಸ್‌ಐ ಇಲ್ಲ" ಎಂಬ ಮೆಸೇಜ್ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ತಪ್ಪು. ಇಎಸ್‌ಐ ಅಂದರೆ ಕಾರ್ಮಿಕರೂ ಮಾಲೀಕರೂ ಪ್ರತಿ ತಿಂಗಳು ಹಣ ಕಟ್ಟುವ ಸರ್ಕಾರಿ ಆರೋಗ್ಯ ವಿಮೆ.

ಮಾಚೇನಹಳ್ಳಿಯ ಫೌಂಡ್ರಿಯಾಗಲಿ, ಗಾರ್ಮೆಂಟ್ಸ್ ಆಗಲಿ, 10 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಾರ್ಖಾನೆಯಲ್ಲಿ ತಿಂಗಳ ಸಂಬಳ 21,000 ರೂಪಾಯಿ ಮೀರದವರನ್ನು ಇಎಸ್‌ಐಗೆ ಸೇರಿಸಲೇಬೇಕು. ಕಾಂಟ್ರ್ಯಾಕ್ಟರ್ ಹಣ ಕಟ್ಟದಿದ್ದರೆ ಹೊಣೆ ಕಾರ್ಖಾನೆಯ ಮಾಲೀಕರದ್ದೇ.

ಇನ್ನು ದುಡ್ಡಿನ ಮಾತು. ಇಲ್ಲೇ ಜಾಸ್ತಿ ಜನ ಮೋಸ ಹೋಗುತ್ತಾರೆ. ಕಾರ್ಮಿಕರ ಪಾಲು ಸಂಬಳದ ಶೇ. 0.75, ಮಾಲೀಕರದ್ದು ಶೇ. 3.25. ಅಂದರೆ 12,000 ರೂಪಾಯಿ ಸಂಬಳಕ್ಕೆ ನಿಮ್ಮದು 90 ರೂಪಾಯಿ, ಅವರದ್ದು 390. ಆ 390 ರೂಪಾಯಿಯನ್ನು ನಿಮ್ಮ ಸಂಬಳದಲ್ಲಿ ಹಿಡಿಯುವಂತಿಲ್ಲ. ಸಂಬಳದ ಚೀಟಿಯನ್ನು ದಯವಿಟ್ಟು ಒಮ್ಮೆ ನೋಡಿ.

ಚಿಕಿತ್ಸೆ ನಿಮಗಷ್ಟೇ ಅಲ್ಲ, ಹೆಂಡತಿ ಮಕ್ಕಳಿಗೂ ಸಿಗುತ್ತದೆ. ಇನ್ಶೂರೆನ್ಸ್ ನಂಬರ್ ಇನ್ನೂ ಕೈಗೆ ಬಂದಿಲ್ಲವಾದರೆ ನಾಳೆಯೇ ಕೇಳಿ.