ಬೇಸಿನ್‌ಗೆ ಆಸಿಡ್, ಬ್ಲೀಚಿಂಗ್ ಕೂಡಿಸಿ ಹಚ್ಚಬ್ಯಾಡ್ರಿ

ಕಲಬುರಗಿ ಗ್ರೂಪ್‌ಗಳೊಳಗ ಒಂದು ಮೆಸೇಜ್ ಓಡಾಡ್ಲಿಕತ್ತದ, ವಾಶ್ ಬೇಸಿನ್ ಬಿಳಿ ಕಲೆ ಹೋಗ್ಬೇಕಂದ್ರ ಬ್ಲೀಚಿಂಗ್ ಪೌಡರ್‌ನಾಗ ಟಾಯ್ಲೆಟ್ ಆಸಿಡ್ ಕಲಸಿ ಹಚ್ರಿ ಅಂತ. ತಪ್ಪದ ಅದು. ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಬರ್ತದ, ಕಿಟಕಿ ಇಲ್ದ ಸಣ್ಣ ಬಾತ್‌ರೂಮ್‌ನಾಗ ಉಸಿರು ಕಟ್ತದ, ಕಣ್ಣು ಗಂಟಲು ಉರೀತಾವ. ಮತ್ತ ಆ ಬಿಳಿ ಪದರ ಬೋರ್ ನೀರಿನ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್, ಬ್ಲೀಚಿಂಗ್‌ಗೆ ಕರಗೋದೇ ಇಲ್ಲ. ಬಿಳಿ ವಿನೆಗರ್‌ನಾಗ ಬಟ್ಟಿ ನೆನಸಿ ಅರ್ಧ ತಾಸು ಕಲೆ ಮ್ಯಾಲ ಇಡ್ರಿ, ತಿಕ್ಕಿ ತೊಳೀರಿ, ಸಾಕು, ಆದ್ರ ಇದನ್ನೂ ಬ್ಲೀಚಿಂಗ್ ಜೋಡಿ ಕೂಡಸಬ್ಯಾಡ್ರಿ. ಕೆಳಗ ಶಹಾಬಾದ್ ಫರಸಿ ಇದ್ರ (ನಮ್ಮ ಕಡಿ ಭಾಳ ಮನ್ಯಾಗ ಅದೇ ಅಲ್ಲೇನ್ರಿ) ಹುಷಾರ್, ಅದೂ ಸುಣ್ಣದಕಲ್ಲೇ, ವಿನೆಗರ್ ಬಿದ್ರೂ ಹೊಳಪು ಹೋಗ್ತದ. ಆ ಮೆಸೇಜ್ ಫಾರ್ವರ್ಡ್ ಮಾಡೋದು ನಿಲ್ಲಸ್ರಿ, ಕಳಿಸಿದ್ರ ಡಿಲೀಟ್ ಮಾಡ್ರಿ.