ಫ್ಯೂಜಿ ವಸ್ತುಸಂಗ್ರಹಾಲಯ: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

ತಲೆಕೆಳಗಾದ ಶಂಕುವಿನಾಕಾರದ ಕಟ್ಟಡವೊಂದರ ಚಿತ್ರದೊಂದಿಗೆ, ‘ಇದು ಜಪಾನಿನ ಫ್ಯೂಜಿ ಪರ್ವತದ ಮೇಲಿರುವ ವಸ್ತುಸಂಗ್ರಹಾಲಯ, ಪರ್ವತವು ಯುನೆಸ್ಕೋದ ನೈಸರ್ಗಿಕ ಪರಂಪರೆಯ ತಾಣ, ಪವಿತ್ರವಾದ್ದರಿಂದ ಮಹಿಳೆಯರು ಅದನ್ನು ಏರುವಂತಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಚಿತ್ರ ನಿಜ, ಒಕ್ಕಣೆ ತಪ್ಪು.

ವಾಸ್ತುಶಿಲ್ಪಿ ಶಿಗೆರು ಬಾನ್ ವಿನ್ಯಾಸಗೊಳಿಸಿದ, 2017ರ ಡಿಸೆಂಬರ್‌ನಲ್ಲಿ ತೆರೆದ ಈ ಶಿಜುವೊಕಾ ಪ್ರಾಂತದ ಫ್ಯೂಜಿ ವಿಶ್ವ ಪರಂಪರೆ ಕೇಂದ್ರವು ಪರ್ವತದ ಮೇಲಲ್ಲ, ಫ್ಯೂಜಿನೊಮಿಯಾ ಪಟ್ಟಣದಲ್ಲಿ, ಸೆಂಗೆನ್ ಮಹಾದೇಗುಲದ ಸಮೀಪದಲ್ಲಿದೆ. ಮರದ ಜಾಲರಿಯ ಆ ಶಂಕು ಮುಂದಿನ ಕೊಳದಲ್ಲಿ ಪ್ರತಿಬಿಂಬಿಸಿದಾಗ ನೆಟ್ಟಗಿನ ಫ್ಯೂಜಿಯಾಗಿ ಕಾಣುತ್ತದೆ. ತಲೆಕೆಳಗಾಗಿ ಕಟ್ಟಿದ್ದರ ಉದ್ದೇಶವೇ ಅದು. ಒಳಗೆ 193 ಮೀಟರ್ ಉದ್ದದ ಸುರುಳಿ ಇಳಿಜಾರಿನಲ್ಲಿ ನಡೆಯುತ್ತ ಹೋದಂತೆ ಗೋಡೆಯ ಮೇಲೆ ಪರ್ವತಾರೋಹಣದ ದೃಶ್ಯಗಳು ಮೂಡುತ್ತವೆ, ಮೇಲಂತಸ್ತಿನ ಕಿಟಕಿಯಿಂದ, ಮೋಡ ಕವಿದಿರದಿದ್ದರೆ, ನಿಜವಾದ ಪರ್ವತವೇ ಎದುರಾಗುತ್ತದೆ.

2013ರಲ್ಲಿ ಫ್ಯೂಜಿಗೆ ಯುನೆಸ್ಕೋ ಮನ್ನಣೆ ದೊರೆತದ್ದು ಪವಿತ್ರ ಸ್ಥಳ ಹಾಗೂ ಕಲಾಪ್ರೇರಣೆಯ ಸೆಲೆ ಎಂಬ ನೆಲೆಯಲ್ಲಿ, ಅಂದರೆ ಸಾಂಸ್ಕೃತಿಕ ಪರಂಪರೆಯಾಗಿ. ಜ್ವಾಲಾಮುಖಿಯೆಂದ ಮಾತ್ರಕ್ಕೆ ಅದನ್ನು ನೈಸರ್ಗಿಕ ತಾಣಗಳ ಪಟ್ಟಿಗೆ ಸೇರಿಸಿಬಿಡುವುದು ಸಹಜವಾದರೂ ಸರಿಯಲ್ಲ. ಮಹಿಳೆಯರ ಮೇಲೆ ಹಿಂದೆ ನಿರ್ಬಂಧವಿದ್ದದ್ದು ನಿಜ. ಆದರೆ ಅದು 1872ರಲ್ಲೇ ರದ್ದಾಗಿದೆ.