ಹೊಸ ಧಾರಾವಾಹಿ: ಮೊದಲ ವಾರವೇ ತೀರ್ಪು ಬೇಕೇ?

ಹೊಸ ಧಾರಾವಾಹಿ ಶುರುವಾದ ವಾರದಲ್ಲೇ ಪತ್ರಿಕೆಯ ವಿಮರ್ಶಕರು ಅದು ಚೆನ್ನಾಗಿದೆ, ಚೆನ್ನಾಗಿಲ್ಲ ಅಥವಾ ಅರ್ಧಂಬರ್ಧ ಎಂದು ಬರೆಯುವುದು ಸರಿಯೇ? ಕಿರುತೆರೆಯ ಬಗ್ಗೆ ಬರೆಯುವವರೊಬ್ಬರು ಮತ್ತು ಕಿರುತೆರೆಗಾಗಿ ಬರೆಯುವವರೊಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಒಂದು ಅಗುಳು ಸಾಕು
(ಪತ್ರಿಕೆಯೊಂದರ ಕಿರುತೆರೆ ಅಂಕಣಕಾರ)

ಪರವಾಗಿ ಬರೆಯಿರಿ ಎಂದು ಸಂಪಾದಕರು ಹೇಳಿದಾಗ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಆರು ವರ್ಷಗಳಿಂದ ಪುರವಣಿಯಲ್ಲಿ ಹೊಸ ಧಾರಾವಾಹಿಗಳ ಬಗ್ಗೆ ಬರೆಯುತ್ತಿರುವವನು ನಾನು, ಅದೂ ಮೊದಲ ನಾಲ್ಕೈದು ಸಂಚಿಕೆ ನೋಡಿ. ಹಾಗೆ ಬರೆಯುವುದು ತಪ್ಪು ಎಂದು ಈಗ ವಾದಿಸಿದರೆ ಇಷ್ಟು ದಿನ ಪಡೆದ ಸಂಭಾವನೆಯನ್ನು ಹಿಂದಿರುಗಿಸಬೇಕಾದೀತು.

ಮೊದಲು ಲೆಕ್ಕ. ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶನಿವಾರವೋ ಭಾನುವಾರವೋ ವಿಮರ್ಶೆ ಬರುತ್ತದೆ, ಪಕ್ಕದಲ್ಲಿ ನಕ್ಷತ್ರಗಳು. ಆ ಸಿನಿಮಾ ನೋಡುಗನಿಂದ ಕೇಳುವುದು ಎರಡೂವರೆ ಗಂಟೆ. ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ ಬರುವ ಧಾರಾವಾಹಿ ವರ್ಷಕ್ಕೆ 260 ಸಂಚಿಕೆ, ಜಾಹೀರಾತು ಸೇರಿ 130 ಗಂಟೆ ಕೇಳುತ್ತದೆ. ಅಂದರೆ ವಾರಕ್ಕೊಂದರಂತೆ 52 ಸಿನಿಮಾ! ಮನೆಮಂದಿಯ ಸಂಜೆಯನ್ನು ಇಷ್ಟು ಧಾರಾಳವಾಗಿ ನುಂಗುವ ಈ ಸರಕಿನ ಬಗ್ಗೆ ಪತ್ರಿಕೆಗಳಲ್ಲಿ ಬರುವುದೇನು? ವಾಹಿನಿ ಕಳಿಸಿದ ಪ್ರಕಟಣೆ. ‘ವಿಭಿನ್ನ ಕಥಾಹಂದರ’, ನಾಯಕಿ ಜರತಾರಿ ಸೀರೆಯಲ್ಲಿರುವ ಚಿತ್ರ, ‘ಈ ಪಾತ್ರ ನನಗೊಂದು ಸವಾಲು’ ಎಂಬ ಮಾತು. ಅದರ ಪಕ್ಕದಲ್ಲಿ ಯಾರದೋ ಹಂಗಿಲ್ಲದ ನಾನೂರು ಪದ ಇದ್ದರೆ ಯಾರಿಗೇನು ನಷ್ಟ?

ಮೊದಲ ವಾರ ಬೇಡವೆಂದಾದರೆ ಯಾವಾಗ? ನೂರನೇ ಸಂಚಿಕೆಗೆ ಬರೆದರೆ ನೋಡುವವರಿಗೆ ಅದು ಬೇಕಿಲ್ಲ, ಅವರಿಗೆ ಆಗಲೇ ಕಥೆಯ ಹುಚ್ಚು ಹಿಡಿದಿರುತ್ತದೆ. ನೋಡದವರಿಗೂ ಬೇಕಿಲ್ಲ, ನಡುವೆ ಹತ್ತಲಾರರು. ಬಸ್ ಎಲ್ಲಿಗೆ ಹೋಗುತ್ತದೆ ಎಂದು ಹತ್ತುವ ಮೊದಲೇ ಹೇಳಬೇಕಲ್ಲವೇ?

ಕಥೆ ಇನ್ನೂ ಬೆಳೆಯಬೇಕು, ಸ್ವಲ್ಪ ಕಾಯಿರಿ ಎಂದು ಧಾರಾವಾಹಿಯವರು ಹೇಳುತ್ತಾರೆ. ವರಾನ್ವೇಷಣೆಗೆ ಹೋದವರ ಬಳಿ ಹುಡುಗನ ತಂದೆಯೂ ಇದನ್ನೇ ಹೇಳುತ್ತಾರೆ: ಈಗ ಕೆಲಸವಿಲ್ಲ, ಮುಂದೆ ಸಿಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಇಡೀ ಹಂಡೆಯನ್ನು ಉಣ್ಣಬೇಕಿಲ್ಲ. ಅದೂ ಅಲ್ಲದೆ ನಮ್ಮ ಹೊಸ ಧಾರಾವಾಹಿಗಳಲ್ಲಿ ಅನೇಕವು ತೆಲುಗು, ಮರಾಠಿ, ಹಿಂದಿಯಿಂದ ಬಂದವು. 2019ರಲ್ಲಿ ‘ಜೊತೆ ಜೊತೆಯಲಿ’ ಇಲ್ಲಿ ಶುರುವಾಗುವ ಹೊತ್ತಿಗೆ ಅದರ ಮೂಲವಾದ ‘ತುಲಾ ಪಾಹತೆ ರೇ’ ಮರಾಠಿಯಲ್ಲಿ ಮುಗಿದೇ ಹೋಗಿತ್ತು. ಅಲ್ಲಿ ಕಾಯುವುದಕ್ಕೆ ಏನು ಉಳಿದಿತ್ತು?

ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ ಕ್ಲೈವ್ ಜೇಮ್ಸ್ 1972ರಿಂದ 1982ರವರೆಗೆ ಟಿವಿ ಅಂಕಣ ಬರೆದರು. ಟಿವಿ ನೋಡದವರೂ ಅದನ್ನು ಓದುತ್ತಿದ್ದರು, ಆಮೇಲೆ ಆ ಬರಹಗಳು ಪುಸ್ತಕಗಳಾದವು. ಟಿವಿಯ ಬಗ್ಗೆ ಗಂಭೀರವಾಗಿಯೂ ತಮಾಷೆಯಾಗಿಯೂ ಬರೆಯಬಹುದು ಎಂಬುದಕ್ಕೆ ನಾನು ಈ ಉದಾಹರಣೆಯನ್ನು ಕೊಡುತ್ತಿರುತ್ತೇನೆ. ನಮ್ಮ ಕಚೇರಿಯಲ್ಲಿ ಇದುವರೆಗೆ ಯಾರೂ ಮರುಳಾಗಿಲ್ಲ.

ನನ್ನ ಅಭಿಪ್ರಾಯ ಯಾವಾಗಲೂ ಮಿಶ್ರ ಎಂಬ ದೂರು ಇದೆ. ಕಳೆದ ತಿಂಗಳು ಮೂರು ಹೊಸ ಧಾರಾವಾಹಿಗಳ ಬಗ್ಗೆ ಬರೆದೆ. ಒಂದರಲ್ಲಿ ಅಜ್ಜಿಯ ಪಾತ್ರ ಬಹಳ ಚೆನ್ನಾಗಿತ್ತು, ಉಳಿದದ್ದೆಲ್ಲ ಹಿನ್ನೆಲೆ ಸಂಗೀತ. ಇನ್ನೊಂದರಲ್ಲಿ ನಾಯಕಿ ನಾಲ್ಕು ಸಂಚಿಕೆಯಲ್ಲಿ ಮೂರು ಸಲ ತಲೆಸುತ್ತಿ ಬಿದ್ದಳು, ಮೂರು ಸಲವೂ ನಾಯಕನ ತೋಳಿಗೇ. ಆದರೆ ಆ ಮನೆಯ ಅಡುಗೆಯವರು ಆಡುವ ಕನ್ನಡ ನಿಜವಾದ ಕನ್ನಡವಾಗಿತ್ತು. ಮೂರನೆಯದಕ್ಕೆ ‘ನಿರೀಕ್ಷೆ ಮೂಡಿಸುತ್ತದೆ’ ಎಂದು ಬರೆದೆ. ನಾನು ಆ ಪದ ಬಳಸಿದೆನೆಂದರೆ ನಡುವೆ ನಿದ್ದೆ ಮಾಡಿದ್ದೇನೆ ಎಂದೇ ಅರ್ಥ ಎಂದು ಪಕ್ಕದ ಮೇಜಿನವರು ಹೇಳುತ್ತಾರೆ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಪುರಾವೆಯಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಅಂಕಣವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ. ‘ಚೆನ್ನಾಗಿ ಬರೆದಿದ್ದೀಯ, ಎಲ್ಲ ಸರಿಯಾಗಿ ಹೇಳಿದ್ದೀಯ’ ಎನ್ನುತ್ತಾಳೆ. ಸೋಮವಾರ ಸಂಜೆ ಏಳೂವರೆಗೆ ಅದೇ ತಲೆಸುತ್ತುವ ಹುಡುಗಿಯ ಮುಂದೆ ಕುಳಿತಿರುತ್ತಾಳೆ.

ವಿರೋಧ: ಅಕ್ಕಿ ತೊಳೆಯುವಾಗ ಅಗುಳು ಹಿಸುಕಬೇಡಿ
(ಹನ್ನೊಂದು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದವಳು)

ವಿಮರ್ಶಕರು ಅಗುಳಿನ ಗಾದೆಯನ್ನು ಹೇಗೂ ತಂದೇ ತರುತ್ತಾರೆ. ಅದಕ್ಕೆ ಉತ್ತರವನ್ನು ತಲೆಬರಹದಲ್ಲೇ ಕೊಟ್ಟುಬಿಟ್ಟಿದ್ದೇನೆ.

ಮೊದಲ ವಾರ ಎಂದರೆ ಏನು ಎಂದು ಸ್ವಲ್ಪ ಹೇಳುತ್ತೇನೆ. ಮೊದಲ ಹತ್ತು ಸಂಚಿಕೆಗಳನ್ನು ನಾವು ಎರಡು ಮೂರು ತಿಂಗಳು ಬರೆಯುತ್ತೇವೆ. ಬರೆಯುತ್ತೇವೆ ಎನ್ನುವುದಕ್ಕಿಂತ ತಿದ್ದುತ್ತೇವೆ. ವಾಹಿನಿಯ ಕೋಣೆಯಲ್ಲಿ ಏಳೆಂಟು ಜನ ಕುಳಿತು ಒಂದೊಂದು ಸಾಲನ್ನೂ ಜಗಿದು ಕೊಡುತ್ತಾರೆ. ಚಿತ್ರೀಕರಣ ಸಕಲೇಶಪುರದಲ್ಲೋ ಮೇಲುಕೋಟೆಯಲ್ಲೋ ನಡೆಯುತ್ತದೆ. ಡ್ರೋನ್ ಇರುತ್ತದೆ, ಜಾತ್ರೆ ಇರುತ್ತದೆ, ಜಾತ್ರೆಗೆ ಇನ್ನೂರು ಜನ ಇರುತ್ತಾರೆ. ಇಪ್ಪತ್ತನೇ ಸಂಚಿಕೆಯ ಹೊತ್ತಿಗೆ ಎಲ್ಲರೂ ಬೆಂಗಳೂರಿನ ಹೊರವಲಯದ ಬಾಡಿಗೆ ಬಂಗಲೆಯೊಳಗೆ ಬಂದು ಸೇರಿರುತ್ತಾರೆ: ಹಾಲ್, ಅಡುಗೆಮನೆ, ಮೆಟ್ಟಿಲು, ಮತ್ತೆ ಹಾಲ್. ಅಲ್ಲಿಂದ ಮುಂದೆ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಚಿತ್ರೀಕರಿಸುತ್ತಾರೆ, ಕೆಲವೊಮ್ಮೆ ಬೆಳಿಗ್ಗೆ ಬರೆದದ್ದನ್ನು ಬೆಳಿಗ್ಗೆಯೇ. ಕಲಾವಿದರು ಮೇಕಪ್ ಹಾಕಿಸಿಕೊಳ್ಳುತ್ತಿರುವಾಗ ನಾನು ಮೊಬೈಲ್‌ನಲ್ಲಿ ದೃಶ್ಯ ಕಳಿಸಿದ್ದುಂಟು. ಮೊದಲ ವಾರ ನೋಡಿ ಧಾರಾವಾಹಿಯನ್ನು ಅಳೆಯುವವರು ಮದುವೆ ಮನೆಯ ಊಟ ಉಂಡು ಆ ಮನೆಯ ನಿತ್ಯದ ಸಾರಿನ ರುಚಿ ಹೇಳುತ್ತಿದ್ದಾರೆ.

ಒಂದು ಹಳೆಯ ಸಂಗತಿ. 1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಶುರುವಾಯಿತು. ನಮ್ಮ ದೇಶದ ಟಿವಿ ಧಾರಾವಾಹಿಗಳಿಗೆಲ್ಲ ಅಜ್ಜಿ ಅದು. ಕುಟುಂಬ ಯೋಜನೆಯ ಸಂದೇಶವನ್ನು ಕಥೆಯಲ್ಲಿ ಸೇರಿಸಿ ಹೇಳಬೇಕೆಂಬುದು ಸರ್ಕಾರದ ಉದ್ದೇಶವಾಗಿತ್ತು. ಮೊದಲ ಹದಿಮೂರು ಸಂಚಿಕೆಗಳಲ್ಲಿ ಉಪದೇಶ ಎಷ್ಟು ಹೆಚ್ಚಾಯಿತೆಂದರೆ ಜನ ಬೇಸತ್ತರು. ಆಮೇಲೆ ಲೇಖಕ ಮನೋಹರ ಶ್ಯಾಮ ಜೋಶಿ ಉಪದೇಶವನ್ನು ತಗ್ಗಿಸಿದರು, ಕೆಳಮಧ್ಯಮ ವರ್ಗದ ಆ ಮನೆಯವರನ್ನು ಅವರ ಪಾಡಿಗೆ ಬದುಕಲು ಬಿಟ್ಟರು. ಮುಂದಿನದು ಎಲ್ಲರಿಗೂ ಗೊತ್ತು. ಸಂಚಿಕೆಯ ಕೊನೆಗೆ ಬಂದು ಮಾತಾಡುತ್ತಿದ್ದ ಅಶೋಕ್ ಕುಮಾರ್ ಅವರಿಗೆ ಮೂಟೆಗಟ್ಟಲೆ ಪತ್ರಗಳು ಬಂದವು. ನಮ್ಮ ಅಂಕಣಕಾರರು ಆಗ ಇದ್ದಿದ್ದರೆ ನಾಲ್ಕನೇ ಸಂಚಿಕೆಗೇ ತಿಥಿ ಮಾಡಿ, ಎಳ್ಳುನೀರು ಬಿಟ್ಟು, ಮುಂದಿನ ವಾರ ಬೇರೆ ಮನೆಗೆ ಹೋಗಿರುತ್ತಿದ್ದರು.

ನನ್ನ ಸಿಟ್ಟು ಇರುವುದು ಇಲ್ಲೇ. ವಿಮರ್ಶಕರು ಮತ್ತೆ ಬರುವುದಿಲ್ಲ. ಟಿಆರ್‌ಪಿಯನ್ನು ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ದೇಶದಲ್ಲೆಲ್ಲ ಸೇರಿ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಕುಳಿತ ಮೀಟರ್ ನನ್ನ ಬರವಣಿಗೆಗೆ ಅಂಕ ಕೊಡುವುದು ಯಾರಿಗೆ ಇಷ್ಟವಾದೀತು? ಆದರೂ ಆ ಅಂಕ ಗುರುವಾರ ಬರುತ್ತದೆ, ಮುಂದಿನ ಗುರುವಾರ ಮತ್ತೆ ಬರುತ್ತದೆ. ಈ ವಾರ ಬಿದ್ದರೆ ಮುಂದಿನ ವಾರ ಏಳಬಹುದು. ಪತ್ರಿಕೆಯ ತೀರ್ಪಿಗೆ ಮೇಲ್ಮನವಿಯಿಲ್ಲ. ಐದನೇ ಸಂಚಿಕೆಗೆ ‘ಎಳೆದಾಟ’ ಎಂದು ಬರೆದವರು ಐವತ್ತನೇ ಸಂಚಿಕೆಗೆ ಬಂದು ‘ಈಗ ಚೆನ್ನಾಗಿದೆ’ ಎಂದು ಬರೆದದ್ದನ್ನು ನಾನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಓದಿಲ್ಲ.

ಮುನ್ನೂರು ಸಂಚಿಕೆ ನೋಡುವುದು ಯಾರಿಂದ ಸಾಧ್ಯ ಎಂದು ಅವರು ಕೇಳುತ್ತಾರೆ. ನಮ್ಮ ಬೀದಿಯ ಹೂವಿನವರಿಂದ ಸಾಧ್ಯ. ದಿನವಿಡೀ ಹೂ ಮಾರಿ, ಮನೆಗೆ ಹೋಗಿ ಅಡುಗೆ ಮಾಡಿ, ಒಂದನ್ನೂ ಬಿಡದೆ ನೋಡುತ್ತಾರೆ. ನೋಡುವುದಕ್ಕೆ ಸಂಭಾವನೆ ಪಡೆಯುವವರಿಗೆ ಮಾತ್ರ ಪುರುಸೊತ್ತಿಲ್ಲವಂತೆ.

‘ಮಿಶ್ರ’ ವಿಮರ್ಶೆಯಿಂದ ಯಾರಿಗೂ ಹಾನಿಯಿಲ್ಲ ಎಂಬ ಮಾತಿಗೆ ಈಗ ಬರುತ್ತೇನೆ.

ನಾನು ಸ್ವತಂತ್ರವಾಗಿ ಸಂಭಾಷಣೆ ಬರೆದ ಮೊದಲ ಧಾರಾವಾಹಿಯಲ್ಲಿ ಒಬ್ಬ ಮಾವ ಇದ್ದರು. ತೂಗುಮಂಚದ ಮೇಲೆ ಕುಳಿತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುವುದೇ ಅವರ ಕೆಲಸ. ಮಾತಿಲ್ಲ. ಸೊಸೆಯ ತಂದೆಯ ಜಮೀನನ್ನು ಮೋಸದಿಂದ ಬರೆಸಿಕೊಂಡಾಗ ಸಾಕ್ಷಿ ಹಾಕಿದವರು ಅವರು. ಆ ನಾಚಿಕೆಗೆ ಬಾಯಿ ಕಟ್ಟಿತ್ತು. ನಲವತ್ತನೇ ಸಂಚಿಕೆಯಲ್ಲಿ ಮೊದಲ ಬಾರಿ ಬಾಯಿ ಬಿಟ್ಟು, ನಾಲ್ಕು ಪುಟ ಮಾತಾಡಬೇಕಿತ್ತು. ಆ ನಾಲ್ಕು ಪುಟವನ್ನು ನಾನು ಎಲ್ಲಕ್ಕಿಂತ ಮೊದಲು ಬರೆದಿದ್ದೆ. ಪಾತ್ರ ಮಾಡಿದವರು ಹವ್ಯಾಸಿ ರಂಗಭೂಮಿಯಲ್ಲಿ ಮೂವತ್ತು ವರ್ಷ ಕಳೆದ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಟಿವಿಯಲ್ಲಿ ಅವರಿಗೆ ಅದು ಮೊದಲ ದೊಡ್ಡ ಪಾತ್ರ. ನಾಲ್ಕು ಪುಟವನ್ನು ಅವರಿಗೆ ಮುಂಚೆಯೇ ಕೊಟ್ಟಿದ್ದೆ, ಆ ಗುಟ್ಟು ಗೊತ್ತಿದ್ದರೆ ಸುಮ್ಮನಿರುವ ರೀತಿಯೇ ಬೇರೆಯಾಗುತ್ತದೆ ಎಂದು.

ಎರಡನೇ ಭಾನುವಾರ ವಿಮರ್ಶೆ ಬಂತು. ಮಿಶ್ರ ಅಭಿಪ್ರಾಯ. ಛಾಯಾಗ್ರಹಣ ಸೊಗಸಾಗಿದೆ, ಸಂಭಾಷಣೆ ಹಿತಮಿತವಾಗಿದೆ. (ನಮ್ಮ ತಾಯಿ ಅದನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದರು, ಈಗಲೂ ಇದೆ.) ಮಾವನ ಪಾತ್ರಧಾರಿ ಮಾತ್ರ ಅಡಿಕೆ ಕತ್ತರಿಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ, ಮರದ ಕೊರಡಿನಂತೆ ಕುಳಿತಿರುತ್ತಾರೆ. ಅವರು ಕೊರಡಿನ ಹಾಗೆ ಕುಳಿತಿದ್ದರು ಎನ್ನುವುದು ನಿಜ, ಸುಳ್ಳಲ್ಲ. ನಾನೇ ಹಾಗೆ ಬರೆದಿದ್ದೆ.

ಮಂಗಳವಾರ ವಾಹಿನಿಯಿಂದ ಕರೆ ಬಂತು. ಹೊಗಳಿಕೆಯ ಸಾಲುಗಳನ್ನು ಪ್ರೋಮೊದಲ್ಲಿ ಹಾಕಿಕೊಳ್ಳೋಣ ಎಂದರು. ಮಾವನನ್ನು ಏನಾದರೂ ಮಾಡಿ ಎಂದರು. ನಲವತ್ತನೇ ಸಂಚಿಕೆಯವರೆಗೆ ಕಾಯಿರಿ ಎಂದು ಕೇಳಿಕೊಂಡೆ, ನಿರ್ದೇಶಕರೂ ಕೇಳಿಕೊಂಡರು. ‘ಪತ್ರಿಕೆಯಲ್ಲೇ ಬಂದಿದೆಯಲ್ಲಮ್ಮ’ ಎಂದರು ವಾಹಿನಿಯವರು. ಹದಿನಾರನೇ ಸಂಚಿಕೆಯಲ್ಲಿ ಅತ್ತೆ ದೇವರ ಮನೆಯಿಂದ ಹೊರಗೆ ಬಂದು, ‘ನಿಮ್ಮ ಮಾವ ಬೆಳಿಗ್ಗೆ ಕಾಶಿಗೆ ಹೊರಟುಹೋದರು’ ಎಂದು ಹೇಳಿದರು. ಆ ಸಾಲನ್ನು ಬರೆದವಳೂ ನಾನೇ. ಹಿತವೂ ಆಗಿತ್ತು, ಮಿತವೂ ಆಗಿತ್ತು.

ಜಮೀನಿನ ಗುಟ್ಟನ್ನು ಯಾರಾದರೂ ಹೊರಬೇಕಲ್ಲ, ಕಾರಿನ ಚಾಲಕನ ತಲೆಗೆ ಕಟ್ಟಿದೆವು. ಅವನು ಗುಟ್ಟನ್ನಿಟ್ಟುಕೊಂಡು ದುಡ್ಡು ಕೀಳತೊಡಗಿದ, ಅವನಿಗೊಬ್ಬಳು ಹೆಂಡತಿ ಬಂದಳು, ಹೆಂಡತಿಗೊಬ್ಬಳು ಅವಳಿ ತಂಗಿ ಬಂದಳು. ಅಡಕತ್ತರಿ ಮಾತ್ರ ಉಳಿದಿತ್ತು. ಅರವತ್ತನೇ ಸಂಚಿಕೆಯಲ್ಲಿ ಅತ್ತೆ ಅದನ್ನು ಸೊಸೆಯ ಮೇಲೆ ಎಸೆದರು, ಆ ವಾರ ಟಿಆರ್‌ಪಿ ಏರಿತು. 172ನೇ ಸಂಚಿಕೆಗೆ ಧಾರಾವಾಹಿ ನಿಂತಿತು. ಮಾವ ಕಾಶಿಯಿಂದ ಬರಲೇ ಇಲ್ಲ.

ಆ ಹಿರಿಯರು ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ದಿನದ ಕೆಲಸ ಕೈಬಿಟ್ಟುಹೋಗಿತ್ತು, ಆದರೂ ಆಗಾಗ ಫೋನ್ ಮಾಡಿ, ‘ಏನಮ್ಮ, ವಾಪಸ್ ಟಿಕೆಟ್ ಸಿಕ್ಕಿತೇ?’ ಎಂದು ಕೇಳುತ್ತಿದ್ದರು. ಎರಡು ವರ್ಷದ ಮೇಲೆ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕವೊಂದಕ್ಕೆ ಹೋಗಿದ್ದಾಗ ಸಿಕ್ಕರು. ಮಧ್ಯಂತರದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದೆವು. ಲೋಟವನ್ನು ಕಟ್ಟೆಯ ಮೇಲಿಟ್ಟು, ಯಾರೂ ಕೇಳದಷ್ಟು ಮೆಲ್ಲಗೆ, ಆ ನಾಲ್ಕು ಪುಟವನ್ನು ಒಂದಕ್ಷರ ತಪ್ಪದೆ ಹೇಳಿದರು. ಒಂದಕ್ಷರ ತಪ್ಪದೆ ಎಂದೆನಲ್ಲ, ಪೂರ್ತಿ ಸರಿಯಲ್ಲ. ಎರಡನೇ ಪುಟದಲ್ಲಿ ನಾನು ‘ಪಶ್ಚಾತ್ತಾಪ’ ಎಂದು ಬರೆದಿದ್ದೆ. ಅವರು ‘ಹೊಟ್ಟೆಯೊಳಗಿನ ಉರಿ’ ಎಂದರು. ಅವರದೇ ಚೆನ್ನಾಗಿತ್ತು.